ಬ್ರಿಟನ್ನಿನಲ್ಲಿ ಮತ: ಮತಗಟ್ಟೆಯೋ, ಅಂಚೆಯೋ?

ಲಂಡನ್ನಿನಲ್ಲೋ ಮ್ಯಾಂಚೆಸ್ಟರಿನಲ್ಲೋ ನೆಲೆಸಿರುವ ಕನ್ನಡಿಗರೇ, ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್ ಆದರೂ ಕಾಮನ್‌ವೆಲ್ತ್ ಪ್ರಜೆಗಳಾಗಿ ಅಲ್ಲಿನ ಸಂಸತ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ನಿಮಗಿದೆ. ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ. ಹೆಸರು ನೋಂದಾಯಿಸಿದ ಮೇಲೆ ಹೇಗೆ ಮತ ಹಾಕುವುದು ಎಂಬುದಷ್ಟೇ ಪ್ರಶ್ನೆ.

ಮತಗಟ್ಟೆ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ತೆರೆದಿರುತ್ತದೆ. ಕೆಲಸ ಮುಗಿಸಿಯೂ ಹೋಗಬಹುದು. ಶಾಲೆ, ಚರ್ಚಿನ ಸಭಾಂಗಣ, ಕೆಲವೆಡೆ ಪಬ್ಬೇ ಮತಗಟ್ಟೆಯಾಗಿರುತ್ತದೆ. ನಮ್ಮಲ್ಲಿಯಂತೆ ಬೆರಳಿಗೆ ಶಾಯಿಯಿಲ್ಲ, ಗುಂಡಿ ಒತ್ತುವ ಯಂತ್ರವೂ ಇಲ್ಲ. ದಾರ ಕಟ್ಟಿದ ಮೋಟು ಪೆನ್ಸಿಲಿನಿಂದ ಹೆಸರಿನ ಎದುರು ಗುಣಾಕಾರದ ಗುರುತು ಹಾಕಿ, ಚೀಟಿ ಮಡಚಿ ಪೆಟ್ಟಿಗೆಗೆ ಹಾಕಿದರೆ ಮುಗಿಯಿತು. ಭಾವಚಿತ್ರವಿರುವ ಗುರುತಿನ ದಾಖಲೆ ಮಾತ್ರ ಬೇಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಆಧಾರ್ ನಡೆಯುವುದಿಲ್ಲ.

ಅಂಚೆ ಮತವನ್ನು ಅಡುಗೆಮನೆಯ ಮೇಜಿನ ಮೇಲೆ, ಅಭ್ಯರ್ಥಿಗಳ ಬಗ್ಗೆ ಓದಿಕೊಂಡು, ನಿಧಾನವಾಗಿ ಹಾಕಬಹುದು. ರಾತ್ರಿ ಪಾಳಿಯ ನರ್ಸುಗಳಿಗೂ ಹಸುಗೂಸಿನ ತಾಯಂದಿರಿಗೂ ಇದು ವರದಾನ. ಆದರೆ ಎಡವುವುದೂ ಸುಲಭ: ಜನ್ಮದಿನಾಂಕದ ಜಾಗದಲ್ಲಿ ಅಂದಿನ ದಿನಾಂಕ ಬರೆದರೆ, ಸಹಿ ಅರ್ಜಿಯಲ್ಲಿನ ಸಹಿಗೆ ಹೊಂದದಿದ್ದರೆ, ಮತ ಎಣಿಕೆಗೇ ಬರುವುದಿಲ್ಲ. ಮತದಾನದ ದಿನ ರಾತ್ರಿ 10ರೊಳಗೆ ಲಕೋಟೆ ತಲುಪಿರಬೇಕು.

ಮತದಾನದ ದಿನ ಬ್ರಿಟನ್ನಿನ ತಮ್ಮ ಊರಿನಲ್ಲೇ ಇರುವವರಿಗೆ ನನ್ನ ಸಲಹೆ ಮತಗಟ್ಟೆಯೇ. ಆ ವಾರ ಬೆಂಗಳೂರಿನಲ್ಲಿರುವವರು ಅಂಚೆಯನ್ನೂ ನಂಬಬೇಡಿ; ನಿಮ್ಮ ಪರವಾಗಿ ಮತ ಹಾಕಲು ನಂಬಿಕಸ್ಥರೊಬ್ಬರನ್ನು ಮೊದಲೇ ಅರ್ಜಿ ಸಲ್ಲಿಸಿ ನೇಮಿಸಿಕೊಳ್ಳಿ.