ಲಕ್ಷದ್ವೀಪದ ಮುರು ಅಂತ ದುಡ್ಡು ಕೊಟ್ಟು ಅಗ್ಗದ ಬಾಸಾ ಮೀನು ತಿಂದೆವು

ಬೆಂಗಳೂರಿನಲ್ಲಿ ವಾಟ್ಸಾಪ್ ಮೇಲೆ ಮೀನು ತರಿಸುವವರು ದಯವಿಟ್ಟು ಓದಿ. ಅದರಲ್ಲೂ ಮುರು (ಇಂಗ್ಲಿಷಿನ ಗ್ರೂಪರ್) ಮೀನಿನ ಫಿಲೆಟ್ ತರಿಸುವವರು.

ಕುಂದಾಪುರದಿಂದ ಅತ್ತೆ ಬಂದಿದ್ದರು. ಮುರು ಅಂದ್ರೆ ಅವರಿಗೆ ಪ್ರಾಣ. "ಲಕ್ಷದ್ವೀಪದ ಲಗೂನ್ ಗ್ರೂಪರ್, ಮುಳ್ಳಿಲ್ಲ, ಕೆಜಿಗೆ 950" ಅಂತ ಮೀನು ಮಾರುವವನೊಬ್ಬನ ಮೆಸೇಜ್ ಬಂದಿತ್ತು. ಲಗೂನ್ ಅಂದ್ರೆ ಹವಳದ ದಿಬ್ಬದ ಒಳಗಿನ ಸಮುದ್ರದ ನೀರು. ಎರಡು ಕೆಜಿ ಹೇಳಿ 1,900 ರೂಪಾಯಿ ಕಳಿಸಿದೆ. ಹೌದು, ಮೊದಲೇ ಕಳಿಸಿದೆ. ಬೈಯಬೇಡಿ, ಮನೆಯಲ್ಲಿ ಸಾಕಷ್ಟು ಬೈಸಿಕೊಂಡಾಗಿದೆ.

ಪ್ಯಾಕೆಟ್ ಕರಗಿಸಿದರೆ ಪಾತ್ರೆಯಲ್ಲಿ ಅರ್ಧ ಚೊಂಬು ನೀರು. ಉಳಿದದ್ದು ಉದ್ದನೆಯ, ತೆಳ್ಳನೆಯ ಬಿಳಿ ಪಟ್ಟಿಗಳು. ಚರ್ಮದ ಚೂರೂ ಇಲ್ಲ. ಅತ್ತೆ ಬೆರಳಲ್ಲಿ ಒತ್ತಿದರು, ಬೆರಳು ಸಲೀಸಾಗಿ ಒಳಗೆ ಹೋಯಿತು. "ಇದ್ ಮುರು ಅಲ್ಲ ಹೆಣೆ" ಅಂದರು. ನಾನು ಒಪ್ಪಲಿಲ್ಲ! ಫ್ರೋಜನ್ ಅಲ್ವಾ, ಹಾಗೇ ಇರುತ್ತದೆ ಅಂತ ಅವರಿಗೇ ಪಾಠ ಹೇಳಿದೆ. ಮಲ್ಪೆ, ಗಂಗೊಳ್ಳಿಯ ಮೀನು ತಿಂದು ಬೆಳೆದವರಿಗೆ. ಈಗ ನೆನೆದರೂ ಮುಖ ಬಿಸಿಯಾಗುತ್ತದೆ.

ಮುರು ಮಾಂಸ ಗಟ್ಟಿ. ಸಾರಲ್ಲಿ ಕುದಿಸಿದರೂ ದಪ್ಪ ದಪ್ಪ ಎಸಳಾಗಿ ಬಿಡಿಸಿಕೊಳ್ಳುತ್ತದೆ. ಇದು ಹತ್ತು ನಿಮಿಷಕ್ಕೆ ಗಂಜಿ. ಮರುದಿನ ಸೂಪರ್ ಮಾರ್ಕೆಟ್‌ನಿಂದ ಬಾಸಾ ತಂದು ಪಕ್ಕದಲ್ಲಿಟ್ಟೆ. ಅದೇ ಪಟ್ಟಿ, ನಡುವೆ ಅದೇ ಕೆಂಪು ಗೆರೆ. ಬೆಲೆ ಮಾತ್ರ ಅರ್ಧಕ್ಕಿಂತ ಕಡಿಮೆ. ಬಾಸಾ ಸಾಕುವುದು ಸಿಹಿನೀರಲ್ಲಿ, ಅದಕ್ಕೂ ಲಕ್ಷದ್ವೀಪಕ್ಕೂ ಏನು ಸಂಬಂಧ?

ಮಾರಿದವನನ್ನು ಕೇಳಿದಾಗ ಅವನು ಕೊಟ್ಟ ಉತ್ತರಗಳನ್ನು ಕೇಳಿ. ಮೊದಲು, "ಗ್ರೂಪರ್‌ನಲ್ಲಿ ತುಂಬಾ ಜಾತಿ ಇದೆ ಮೇಡಂ." ಇದೆ, ಒಪ್ಪಿದೆ. ಆಮೇಲೆ, "ಲಗೂನ್ ನೀರು ಶಾಂತ ಮೇಡಂ, ಅದಕ್ಕೆ ಮೀನು ಮೆತ್ತಗೆ." ಶಾಂತ ಅಂತೆ! ಹವಳದ ಬಂಡೆ ಸಂದಿಯಲ್ಲಿ ಹೊಂಚು ಹಾಕಿ, ದೊಡ್ಡ ಬಾಯಿ ತೆರೆದು ಬೇಟೆಯನ್ನು ಇಡಿಯಾಗಿ ನುಂಗುವ ಮೀನು ಅದು. ಇಡೀ ಮೀನಿನ ಫೋಟೋ ಕಳಿಸು ಅಂದೆ. ಕಳಿಸಿದ. ಕೆಂಪು ಮೈ, ನೀಲಿ ಚುಕ್ಕೆ, ತುಂಬಾ ಚೆನ್ನಾಗಿತ್ತು. ದೊಡ್ಡದು ಮಾಡಿ ನೋಡಿದರೆ ಹಿಂದೆ ಗಾಜು, ಗಾಜಿನಲ್ಲಿ ಟ್ಯೂಬ್‌ಲೈಟಿನ ಬಿಂಬ. ಅಕ್ವೇರಿಯಂ!

ಅದನ್ನು ಕೇಳಿದ್ದಕ್ಕೆ, "ತಿಂದ ಮೇಲೆ ದುಡ್ಡು ವಾಪಸ್ ಇಲ್ಲ" ಅಂತ ಬರೆದು ಬ್ಲಾಕ್ ಮಾಡಿದ.

ಲಕ್ಷದ್ವೀಪದವರು ಜಾಸ್ತಿ ಹಿಡಿಯುವುದು ಗಾಳದ ಕೋಲಿನಲ್ಲಿ ಸೂರೆ ಮೀನು, ಅಂದರೆ ಟ್ಯೂನಾ. ಮುರು ನಿಧಾನವಾಗಿ ಬೆಳೆಯುವ ಮೀನು, ಅದರಲ್ಲಿ ಎಷ್ಟೋ ಜಾತಿ ಹೆಣ್ಣಾಗಿ ಹುಟ್ಟಿ ದೊಡ್ಡದಾದ ಮೇಲೆ ಗಂಡಾಗುತ್ತವೆ. ಅಂಥದ್ದು ವಾರವಾರವೂ ಕೆಜಿಗಟ್ಟಲೆ ಮನೆ ಬಾಗಿಲಿಗೆ ಬರುತ್ತದೆ ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮುರು ಬೇಕಾದರೆ ಇಡೀ ಮೀನು ನೋಡಿ, ಕಣ್ಣೆದುರೇ ಕತ್ತರಿಸಿಕೊಳ್ಳಿ. ಅಗಲ ಬಾಯಿ, ಮುಂದೆ ಚಾಚಿದ ಕೆಳದವಡೆ, ದಪ್ಪ ಚರ್ಮ. ಚರ್ಮ ತೆಗೆದೇ ಕೊಡ್ತೀವಿ ಅನ್ನುವವನಿಗೆ ಒಂದು ರೂಪಾಯಿಯೂ ಕಳಿಸಬೇಡಿ.

ಉಳಿದ ಒಂದು ಕೆಜಿ ಇನ್ನೂ ಫ್ರೀಜರ್‌ನಲ್ಲಿದೆ. ಅತ್ತೆ ದಿನಾ ಬೆಳಿಗ್ಗೆ ಅದನ್ನು ಸರಿಸಿ ಮಜ್ಜಿಗೆಗೆ ಐಸ್ ತೆಗೆದುಕೊಳ್ಳುತ್ತಾರೆ, ಏನೂ ಹೇಳುವುದಿಲ್ಲ.