ಫ್ಯಾಟ್ ಫ್ರೀಜಿಂಗ್ ಮಾಡಿಸಿದ ಜಾಗ ಉಬ್ಬಿದರೆ ಇನ್ನೊಂದು ಸಿಟ್ಟಿಂಗ್‌ಗೆ ಒಪ್ಪಬೇಡಿ

ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಈಗ ‘ಆಪರೇಷನ್ ಇಲ್ಲದೆ ಹೊಟ್ಟೆ ಕರಗಿಸಿ’ ಅನ್ನುವ ಬೋರ್ಡು ಕಾಣುತ್ತದೆ. ಜಯನಗರದ ಕಡೆ ಅಂಥದ್ದೇ ಒಂದು ಕ್ಲಿನಿಕ್ಕಿನಲ್ಲಿ ನನ್ನ ತಮ್ಮ ಕೆಳಹೊಟ್ಟೆಗೆ ಫ್ಯಾಟ್ ಫ್ರೀಜಿಂಗ್, ಅಂದರೆ ಮೈಮೇಲೆ ಕಪ್ಪಿನಂಥ ಉಪಕರಣ ಇಟ್ಟು ಚರ್ಮದ ಕೆಳಗಿನ ಕೊಬ್ಬನ್ನು ತಣ್ಣಗಾಗಿಸುವ ಚಿಕಿತ್ಸೆ, ಮಾಡಿಸಿಕೊಂಡ. ಅವನಿಗೆ ಆದದ್ದನ್ನು ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಮೊದಮೊದಲು ಜೋಮು, ಸ್ವಲ್ಪ ನೋವು. ಅದು ಹಲವರಿಗೆ ಆಗುವಂಥದ್ದೇ. ಕೆಲವು ತಿಂಗಳಾದ ಮೇಲೆ ಕಪ್ ಇಟ್ಟಿದ್ದ ಜಾಗವಷ್ಟೇ, ಕಪ್ಪಿನದೇ ಆಕಾರದಲ್ಲಿ ಉಬ್ಬತೊಡಗಿತು. ಮುಟ್ಟಿದರೆ ಗಟ್ಟಿ. “ಇಳೀಬೇಕಾದ್ದು ಬೆಳೀತಿದೆ ಕಣಕ್ಕಾ” ಅಂತ ಫೋನ್ ಮಾಡಿದ. ಕ್ಲಿನಿಕ್ಕಿನವರು ಹೇಳಿದ್ದು: “ನಿಮಗೆ ಊಟದಲ್ಲಿ ಕಂಟ್ರೋಲ್ ಇಲ್ಲ ಸಾರ್, ಇನ್ನೆರಡು ಸಿಟ್ಟಿಂಗ್ ತಗೊಳ್ಳಿ, ಡಿಸ್ಕೌಂಟ್ ಕೊಡ್ತೀವಿ.” ಅವನ ತೂಕ ಏರಿರಲೇ ಇಲ್ಲ. ಊಟ ಜಾಸ್ತಿಯಾಗಿದ್ದರೆ ಮೈಯೆಲ್ಲ ದಪ್ಪವಾಗಬೇಕಿತ್ತು, ಕಪ್ಪಿನ ಅಳತೆಗೆ ಮಾತ್ರ ಅಲ್ಲ. ನನಗೆ ಇವತ್ತಿಗೂ ತಡೆಯಲಾರದ ಕೋಪ ಬರುವುದು ಈ ಮಾತಿಗೇ.

ಬೇರೆ ಪ್ಲಾಸ್ಟಿಕ್ ಸರ್ಜನ್ ಒಬ್ಬರು ನೋಡಿದ ತಕ್ಷಣ ಗುರುತಿಸಿದರು. ಇದಕ್ಕೆ ಪ್ಯಾರಡಾಕ್ಸಿಕಲ್ ಅಡಿಪೋಸ್ ಹೈಪರ್‌ಪ್ಲೇಸಿಯಾ ಅನ್ನುತ್ತಾರೆ. ತಣ್ಣಗಾಗಿಸಿದ ಕೊಬ್ಬು ಸಾಯುವ ಬದಲು ಬೆಳೆಯುವುದು. ಅಪರೂಪವೇ, ಆದರೆ 2014ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ರೂಪದರ್ಶಿ ಲಿಂಡಾ ಇವಾಂಜೆಲಿಸ್ಟಾ ತನಗೂ ಹೀಗೇ ಆಯಿತೆಂದು 2021ರಲ್ಲಿ ಬಹಿರಂಗವಾಗಿ ಹೇಳಿದರು. ಗಂಡಸರಲ್ಲಿ ಹೆಚ್ಚು. ತಾನಾಗಿ ಇಳಿಯುವುದಿಲ್ಲ, ಸಾಮಾನ್ಯವಾಗಿ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ನೇ ಬೇಕಾಗುತ್ತದೆ. ಆಪರೇಷನ್ ಬೇಡವೆಂದು ಹೋದವನಿಗೆ ಈಗ ಆಪರೇಷನ್.

ವಿಧಾನವೇ ಮೋಸ ಅಂತ ನಾನು ಹೇಳುತ್ತಿಲ್ಲ. ಚರ್ಮಕ್ಕಿಂತ ಮೊದಲು ಕೊಬ್ಬಿನ ಕಣಗಳು ಚಳಿಗೆ ಸೋಲುತ್ತವೆ, ಸತ್ತ ಕಣಗಳನ್ನು ದೇಹ ಎರಡು-ಮೂರು ತಿಂಗಳಲ್ಲಿ ನಿಧಾನವಾಗಿ ಹೊರಹಾಕುತ್ತದೆ. ಸರಿಯಾಗಿ ಆದರೆ ಆ ಜಾಗದ ಕೊಬ್ಬಿನ ಪದರ ಸುಮಾರು 20ರಿಂದ 25 ಶೇಕಡಾ ತೆಳುವಾಗಬಹುದು, ಅಷ್ಟೇ. ತೂಕ ಇಳಿಯುವುದಿಲ್ಲ. ಬೆರಳಲ್ಲಿ ಹಿಡಿಯಲು ಸಿಗುವ ಕೊಬ್ಬಿಗೆ ಮಾತ್ರ ಇದು. ಕರುಳಿನ ಸುತ್ತ ಕೂತ ಗಟ್ಟಿ ಹೊಟ್ಟೆಗೆ ಕಪ್ ಮುಟ್ಟುವುದೇ ಇಲ್ಲ. ತಮ್ಮನಿಗೆ ಇದ್ಯಾವುದನ್ನೂ ಹೇಳಿರಲಿಲ್ಲ. ಹರ್ನಿಯಾ ಇದೆಯೇ, ಚಳಿಗೆ ಮೈಮೇಲೆ ದದ್ದು ಏಳುತ್ತದೆಯೇ, ಕ್ರಯೋಗ್ಲೋಬ್ಯುಲಿನೀಮಿಯಾದಂಥ ರಕ್ತದ ತೊಂದರೆ ಇದೆಯೇ ಅಂತಲೂ ಕೇಳಿರಲಿಲ್ಲ. ಅವನನ್ನು ಪರೀಕ್ಷಿಸಿದ್ದು ಡಾಕ್ಟರಲ್ಲ, ಪ್ಯಾಕೇಜ್ ಮಾರುವ ಕೌನ್ಸೆಲರ್.

ದುಡ್ಡು ಕಟ್ಟುವ ಮೊದಲು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲಿದೆಯೇ ನೋಡಿ. ಡಾಕ್ಟರ ಹೆಸರು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿದೆಯೇ ವಿಚಾರಿಸಿ. ಈಗಾಗಲೇ ಮಾಡಿಸಿಕೊಂಡು ಆ ಜಾಗ ಉಬ್ಬುತ್ತಿದ್ದರೆ ತಾರೀಖಿನ ಸಮೇತ ಫೋಟೊ ತೆಗೆದಿಡಿ, ಬಿಲ್ಲು ಮತ್ತು ಸಹಿ ಹಾಕಿದ ಕಾಗದದ ಪ್ರತಿ ಪಡೆಯಿರಿ, ಆ ಕ್ಲಿನಿಕ್ಕಿಗೆ ಸಂಬಂಧವಿಲ್ಲದ ಪ್ಲಾಸ್ಟಿಕ್ ಸರ್ಜನ್ ಹತ್ತಿರ ತೋರಿಸಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.