ತಳ ಮುಟ್ಟದ ನಲ್ಲಿ: ಮಣ್ಣಿಲ್ಲದ ಸೊಪ್ಪಿನ ತೋಟದೊಂದಿಗೆ ಮೂರು ವರ್ಷ

ಮಣ್ಣಿನ ಬದಲು ಗೊಬ್ಬರ ಕರಗಿಸಿದ ನೀರಿನಲ್ಲಿ 36 ಗಿಡ ಬೆಳೆಸುವ ಈ ಹೈಡ್ರೋಪೋನಿಕ್ಸ್ ಕಿಟ್ಟನ್ನು 2022ರ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಮನೆಯ ಬಾಲ್ಕನಿಗಾಗಿ ಕೊಂಡೆ. ಪೈಪುಗಳ ಅಳತೆ, ಪಂಪಿನ ಶಕ್ತಿ, ಸ್ಟ್ಯಾಂಡಿನ ಎತ್ತರ ಇವೆಲ್ಲ ಮಾರಾಟದ ವಿವರದಲ್ಲೇ ಇವೆ, ಅವುಗಳ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಇರುವುದು 40 ಲೀಟರಿನ ತೊಟ್ಟಿಯ ನಲ್ಲಿಯ ಬಗ್ಗೆ. ಅದನ್ನು ತಳಕ್ಕಿಂತ ಎರಡು ಬೆರಳಿನಷ್ಟು ಮೇಲೆ ಕೂರಿಸಿದ್ದಾರೆ. ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀರೆಲ್ಲ ಹರಿದುಹೋಯಿತು ಎಂದುಕೊಂಡ ಮೇಲೂ ಒಳಗೆ ಸುಮಾರು 6 ಲೀಟರ್ ಹಳೆಯ ದ್ರಾವಣ ಉಳಿದೇ ಇರುತ್ತದೆ. ಇದೂ ಒಂದು ದೋಷವೇ ಎಂದು ಕೇಳಿದವರಿಗೆ ಅನ್ನಿಸಬಹುದು. ಮೊದಲ ನಾಲ್ಕು ತಿಂಗಳು ನನಗೂ ಹಾಗೆಯೇ ಅನ್ನಿಸಿತ್ತು.

ಕಿಟ್ಟಿನ ಜೊತೆ ಬಂದ ಕೈಪಿಡಿಯ ಪ್ರಕಾರ ಹದಿನೈದು ದಿನಕ್ಕೊಮ್ಮೆ ದ್ರಾವಣ ಬದಲಿಸಬೇಕು, ಲೀಟರಿಗೆ ಗೊಬ್ಬರದ 'ಎ' ಬಾಟಲಿಯಿಂದ 2 ಮಿಲಿ, 'ಬಿ' ಬಾಟಲಿಯಿಂದ 2 ಮಿಲಿ ಹಾಕಬೇಕು. ನಾನು 40 ಲೀಟರಿಗೆ ಲೆಕ್ಕ ಹಾಕಿ ತಲಾ 80 ಮಿಲಿ ಸುರಿಯುತ್ತಿದ್ದೆ. ಆದರೆ ತೊಟ್ಟಿಗೆ ಹೋಗುತ್ತಿದ್ದ ಹೊಸ ನೀರು 34 ಲೀಟರ್ ಮಾತ್ರ, ಉಳಿದ ಆರು ಲೀಟರಿನಲ್ಲಿ ಹಳೆಯ ಗೊಬ್ಬರದ ಉಪ್ಪುಗಳು ಮೊದಲೇ ಇದ್ದವು. ಅದರ ಮೇಲೆ ನಮ್ಮ ಕಟ್ಟಡದ ಬೋರ್ ನೀರಿನ ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ), ಏನೂ ಬೆರೆಸದಿದ್ದಾಗಲೇ 620ರ ಆಸುಪಾಸು. ಲೆಟ್ಯೂಸ್ ಎಲೆಗಳ ಅಂಚು ಬೆಂಕಿ ತಾಗಿದಂತೆ ಕಂದಿತು. ಗೊಬ್ಬರ ಕಡಿಮೆಯಾಯಿತೇನೋ ಎಂದು ಭಾವಿಸಿ ಇನ್ನಷ್ಟು ಹಾಕಿದೆ. ಹೊಸಬರೆಲ್ಲರೂ ಮಾಡುವ ತಪ್ಪು ಇದೇ ಎಂದು ಆಮೇಲೆ ತಿಳಿಯಿತು.

ಇದರ ಜೊತೆಗೆ ಇನ್ನೊಂದು ಗೊಂದಲವೂ ಸೇರಿಕೊಂಡಿತ್ತು. ಟಿಡಿಎಸ್ ಮೀಟರು ನಿಜವಾಗಿ ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅದನ್ನು ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಭಾಗ) ಸಂಖ್ಯೆಯಾಗಿ ತೋರಿಸಲು ಕೆಲವು ಮೀಟರುಗಳು 500ರಿಂದ, ಕೆಲವು 700ರಿಂದ ಗುಣಿಸುತ್ತವೆ. ಕೈಪಿಡಿಯ ಕೋಷ್ಟಕ 700ರ ಲೆಕ್ಕದ್ದು, ಅದೇ ಡಬ್ಬಿಯಲ್ಲಿ ಅವರೇ ಇಟ್ಟುಕೊಟ್ಟ ಮೀಟರು 500ರ ಲೆಕ್ಕದ್ದು. ಅವರು ಹೇಳುವ 1000 ನನ್ನ ಮೀಟರಿನಲ್ಲಿ ಸುಮಾರು 715 ಎಂದು ಕಾಣಬೇಕು. ನಾನು ಮೀಟರಿನಲ್ಲಿ 1000 ಕಾಣುವವರೆಗೆ ಸುರಿಯುತ್ತಿದ್ದೆ. ಈ ಒಂದು ಸಾಲನ್ನು ಕೈಪಿಡಿಯಲ್ಲಿ ಬರೆಯದೆ, ಮಣ್ಣಿಗಿಂತ ಎಷ್ಟೋ ಪಟ್ಟು ಹೆಚ್ಚು ಬೆಳೆ ಬರುತ್ತದೆಂದು ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿರುವುದನ್ನು ನೋಡಿದರೆ ಈಗಲೂ ಸಿಟ್ಟು ಬರುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳಾದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲೇ ಇಂಥ ಮಾತುಗಳನ್ನು ಪರೀಕ್ಷಿಸಿ, ಒಳ್ಳೆಯ ಮಣ್ಣಿನಲ್ಲಿ ಚೆನ್ನಾಗಿ ಆರೈಕೆ ಮಾಡಿದ ಬೆಳೆಗಿಂತ ನೀರಿನ ಬೆಳೆ ತಾನಾಗಿಯೇ ಹೆಚ್ಚೇನೂ ಕೊಡುವುದಿಲ್ಲ ಎಂದಿದ್ದರು.

ನಲ್ಲಿಯ ವಿಷಯವಾಗಿ ಕಂಪನಿಗೆ ಬರೆದಾಗ, ಬೇರಿನ ಚೂರು ಮತ್ತು ಗಷ್ಟು ತಳದಲ್ಲಿ ನಿಲ್ಲುವುದರಿಂದ ನಲ್ಲಿ ಕಟ್ಟಿಕೊಳ್ಳದಿರಲೆಂದೇ ಅದನ್ನು ಮೇಲಿಟ್ಟಿದ್ದೇವೆ ಎಂಬ ಉತ್ತರ ಬಂತು. ಅದು ನುಣುಚಿಕೊಳ್ಳುವ ಮಾತೆಂದು ಆಗ ನಾನು ನಂಬಿದ್ದೆ. ದ್ರಾವಣ ಬದಲಿಸುವ ಉದ್ದೇಶವೇ ಆ ಗಷ್ಟನ್ನು ಹೊರಹಾಕುವುದಲ್ಲವೇ?

ಕೊನೆಗೆ ಪರಿಹಾರ ಸಿಕ್ಕಿದ್ದು ಅಡುಗೆಮನೆಯಲ್ಲಿ. ಊಟಕ್ಕೆ ಕೂರುವ ಹಳೆಯ ಮಣೆಯೊಂದನ್ನು ತೊಟ್ಟಿಯ ಹಿಂಬದಿಯ ಕೆಳಗೆ ಸೇರಿಸಿದರೆ ನೀರು ನಲ್ಲಿಯ ಕಡೆಗೆ ವಾಲಿ, ಆರು ಲೀಟರಿನಲ್ಲಿ ನಾಲ್ಕೂವರೆ ಹೊರಬರುತ್ತದೆ. ಉಳಿದದ್ದನ್ನು ಸ್ನಾನದ ಮಗ್ಗಿನಿಂದ ಮೊಗೆದು, ಕೊನೆಯ ತೇವವನ್ನು ಹಳೆಯ ಪಂಚೆಯ ತುಂಡಿನಿಂದ ಒರೆಸುತ್ತೇನೆ. ಹಾಗೆ ಒರೆಸುವಾಗ ಮೂಲೆಗಳಲ್ಲಿ ಬೆರಳಿಗೆ ಲೋಳೆ ಹತ್ತಿದರೆ ಪಂಪಿನ ಜಾಲರಿಯನ್ನೂ ಬಿಚ್ಚಿ ಉಜ್ಜಬೇಕೆಂದು ಅರ್ಥ.

ಹೀಗೆ ಎರಡು ವಾರಕ್ಕೊಮ್ಮೆ ಭಾನುವಾರದ ಬೆಳಗು ಈ ಕೆಲಸಕ್ಕೇ ಮೀಸಲಾಯಿತು. ಶನಿವಾರ ಸಂಜೆಯೇ ಬಕೆಟ್ಟುಗಳಲ್ಲಿ ನೀರು ತುಂಬಿಸಿಡುತ್ತೇನೆ. ಬೆಳಗಾಗುವಷ್ಟರಲ್ಲಿ ಕ್ಲೋರಿನ್ ವಾಸನೆ ಕಡಿಮೆಯಾಗಿರುತ್ತದೆ, ನೀರೂ ತಣ್ಣಗಾಗಿರುತ್ತದೆ. ಆರೂವರೆಗೆ, ಬಾಲ್ಕನಿಗೆ ಬಿಸಿಲು ಬರುವ ಮೊದಲು, ಪಂಪನ್ನು ನಿಲ್ಲಿಸಿ ಪೈಪುಗಳಲ್ಲಿರುವ ನೀರು ಇಳಿಯುವವರೆಗೆ ಕಾಫಿ ಕುಡಿಯುತ್ತೇನೆ. ಆಮೇಲೆ ನಾಲ್ಕೈದು ಗಿಡಗಳನ್ನು ಕುಂಡಿಕೆಯ ಸಮೇತ ಎತ್ತಿ ಬೇರು ನೋಡುವುದು. ಆರೋಗ್ಯವಂತ ಬೇರು ಈಗತಾನೆ ಒತ್ತಿದ ಶಾವಿಗೆಯಂತೆ ಬೆಳ್ಳಗೆ, ಎಳೆಎಳೆಯಾಗಿ ಇರುತ್ತದೆ, ವಾಸನೆ ಬಹುಮಟ್ಟಿಗೆ ಇರುವುದೇ ಇಲ್ಲ. ಕಂದು ಬಣ್ಣ ಬಂದು, ಹಿಡಿದರೆ ಜಾರಿ, ಚರಂಡಿಯ ನಾತ ಬಂದರೆ ಆ ಗಿಡವನ್ನು ಕೂಡಲೇ ತೆಗೆದುಬಿಡಬೇಕು.

ಹೊಸ ನೀರಿಗೆ ಮೊದಲು 'ಎ', ಚೆನ್ನಾಗಿ ಕದಡಿ ಹತ್ತು ನಿಮಿಷ ಬಿಟ್ಟು 'ಬಿ'. ಮೊದಲ ತಿಂಗಳು ಸಮಯ ಉಳಿಸಲು ಎರಡನ್ನೂ ಒಂದೇ ಲೋಟಕ್ಕೆ ಸುರಿದಾಗ ಅದು ಒಡೆದ ಹಾಲಿನಂತಾಯಿತು. 'ಎ'ಯಲ್ಲಿರುವ ಕ್ಯಾಲ್ಸಿಯಂ, 'ಬಿ'ಯಲ್ಲಿರುವ ಸಲ್ಫೇಟ್ ಮತ್ತು ಫಾಸ್ಫೇಟ್ ಜೊತೆ ಗಟ್ಟಿಯಾಗಿ ಸೇರಿಕೊಂಡು ಬಿಳಿ ಗಷ್ಟಾಗುತ್ತದೆ, ಅದು ಗಿಡಕ್ಕೆ ದಕ್ಕುವುದಿಲ್ಲ. ಎರಡು ಬಾಟಲಿ ಕೊಡುವುದು ಇದೇ ಕಾರಣಕ್ಕೆ. ಟಿಡಿಎಸ್ ನೋಡಿದ ಮೇಲೆ, ಆಮ್ಲೀಯತೆಯ ಅಳತೆಯಾದ ಪಿಎಚ್ 5.8ರಿಂದ 6.2ರ ನಡುವೆ ಬರುವಂತೆ ಫಾಸ್ಫಾರಿಕ್ ಆಮ್ಲದ ದ್ರಾವಣವನ್ನು ಸಿರಿಂಜಿನಲ್ಲಿ ಅರ್ಧ ಅರ್ಧ ಮಿಲಿ ಹಾಕುತ್ತೇನೆ. ಇದನ್ನೆಲ್ಲ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಮ್ಮ ಒಮ್ಮೆ, "ಗಿಡಕ್ಕೂ ಉಪ್ಪು ಹುಳಿ ನೋಡಿ ಅಡುಗೆ ಮಾಡ್ತೀಯಲ್ಲೋ" ಎಂದರು. ಟಿಡಿಎಸ್ ಮತ್ತು ಪಿಎಚ್‌ಗಳಿಗೆ ಇದಕ್ಕಿಂತ ಸರಿಯಾದ ಕನ್ನಡವನ್ನು ನಾನು ಕಂಡಿಲ್ಲ. ಹೊರಹಾಕಿದ ಹಳೆಯ ದ್ರಾವಣ ಅವರ ಪಾಲಿನದು. ಅಷ್ಟೇ ಪ್ರಮಾಣದ ಬರೀ ನೀರು ಬೆರೆಸಿ ಕುಂಡಗಳಲ್ಲಿರುವ ಕರಿಬೇವು, ದಾಸವಾಳಗಳಿಗೆ ಹಾಕುತ್ತಾರೆ. ಕರಿಬೇವು ಈಗ ನನ್ನ ಎತ್ತರವಿದೆ.

ಬೋರ್ ನೀರಿನ ಗಡಸುತನ ಮಾತ್ರ ಸುಲಭವಾಗಿ ಬಗ್ಗಲಿಲ್ಲ. ಅದರಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ನುಂಗಿಬಿಡುತ್ತದೆ. ಭಾನುವಾರ 5.8ಕ್ಕೆ ತಂದು ನಿಲ್ಲಿಸಿದ ಪಿಎಚ್ ಮಂಗಳವಾರ 7 ದಾಟಿರುತ್ತಿತ್ತು, ಆ ಮಟ್ಟದಲ್ಲಿ ಕಬ್ಬಿಣಾಂಶ ಬೇರಿಗೆ ಸರಿಯಾಗಿ ಸಿಗದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತಿದ್ದವು. ಕಾವೇರಿ ನೀರು ಬಂದ ದಿನ ಅದನ್ನೇ ಹಿಡಿದಿಡುವ ಅಭ್ಯಾಸ ಮಾಡಿಕೊಂಡೆ. ಅಷ್ಟರಲ್ಲಿ 2024ರ ಬೇಸಿಗೆ ಬಂತು. ಮಾರ್ಚಿನಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಆದೇಶಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಕುಡಿಯುವ ನೀರಿಗೇ ಪರದಾಡುತ್ತಿದ್ದ ಊರಿನಲ್ಲಿ ಆ ಆದೇಶದ ಬಗ್ಗೆ ಗೊಣಗುವ ಮುಖ ನನಗಿರಲಿಲ್ಲ. ಟ್ಯಾಂಕರಿನ ಬೋರ್ ನೀರಿನಲ್ಲೇ, ಬದಲಿಸದೆ, ಕಡಿಮೆಯಾದಷ್ಟನ್ನು ಮಾತ್ರ ತುಂಬಿಸುತ್ತಾ ಐದು ವಾರ ತಳ್ಳಿದೆ. ಆ ಬಿಸಿಲಿನಲ್ಲಿ ದಿನಕ್ಕೆ 3 ಲೀಟರ್ ಇಳಿಯುತ್ತಿತ್ತು.

ಮೀಟರು ಸರಿಯಾದ ಸಂಖ್ಯೆಯನ್ನೇ ತೋರಿಸುತ್ತಿದ್ದರೂ ಗಿಡಗಳು ಬಿಳಿಚಿಕೊಂಡವು. ಮೀಟರು ಉಪ್ಪಿನಂಶ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಯಾವ ಉಪ್ಪು ಎಂದು ಹೇಳುವುದಿಲ್ಲ. ನೈಟ್ರೇಟನ್ನೂ ಪೊಟ್ಯಾಸಿಯಂ ಅನ್ನೂ ಗಿಡ ಬೇಗ ಹೀರಿಕೊಳ್ಳುತ್ತದೆ. ಬೋರ್ ನೀರಿನ ಸೋಡಿಯಂ, ಕ್ಲೋರೈಡ್ ಹಾಗೆಯೇ ಉಳಿದು ವಾರವಾರವೂ ಹೆಚ್ಚುತ್ತಾ ಹೋಗುತ್ತವೆ. ತಳದ ಆ ಆರು ಲೀಟರಿನ ಮೇಲೆ ನನಗಿದ್ದ ಸಿಟ್ಟು ವೃಥಾ ಅಲ್ಲವೆಂದು ಆ ಐದು ವಾರಗಳಲ್ಲಿ ಖಾತ್ರಿಯಾಯಿತು. ಏಪ್ರಿಲ್ ಮಧ್ಯಾಹ್ನಗಳಲ್ಲಿ ತೊಟ್ಟಿಯ ನೀರು 31 ಡಿಗ್ರಿಗೆ ಏರುತ್ತಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಇದ್ದದ್ದು 30 ಡಿಗ್ರಿಯಲ್ಲಿ ಏಳೂವರೆಗೆ ಇಳಿಯುತ್ತದೆ. ಥರ್ಮೊಕೋಲ್ ಸುತ್ತಿದೆ, ಒಂದು ಲೀಟರ್ ಬಾಟಲಿಯಲ್ಲಿ ನೀರನ್ನು ಹೆಪ್ಪುಗಟ್ಟಿಸಿ ತೇಲಿಬಿಟ್ಟೆ. ಎರಡು ಡಿಗ್ರಿ ಇಳಿಯಿತು, ಅಷ್ಟೇ. ಬೇರು ಕೊಳೆತು, ಏಪ್ರಿಲ್ ಕೊನೆಗೆ ಎಲ್ಲವನ್ನೂ ಕಿತ್ತು ತೊಟ್ಟಿಯನ್ನು ಬೋರಲು ಹಾಕಿದೆ. ಆಗ ಯಾರಾದರೂ ಅಭಿಪ್ರಾಯ ಕೇಳಿದ್ದರೆ ಒಂದು ನಕ್ಷತ್ರ ಕೊಡುತ್ತಿದ್ದೆ.

ಮನಸ್ಸು ಬದಲಾದದ್ದು ಮುಂಗಾರಿನಲ್ಲಿ. ಜೂನಿನ ಒಂದು ಸಂಜೆ ತಾರಸಿಯ ಪೈಪಿಗೆ ಡ್ರಮ್ಮು ಒಡ್ಡಿ, ಮೊದಲ ಹತ್ತು ನಿಮಿಷದ ಕೊಳೆ ನೀರನ್ನು ಬಿಟ್ಟು, ಉಳಿದದ್ದನ್ನು ಹಿಡಿದೆ. ಮೀಟರು ಅದ್ದಿದರೆ 18. ಮೂರಂಕಿಗಿಂತ ಕೆಳಗಿನ ಸಂಖ್ಯೆಯನ್ನು ಆ ಮೀಟರಿನಲ್ಲಿ ನಾನು ನೋಡಿದ್ದು ಅದೇ ಮೊದಲು. ಮಳೆನೀರಿನಲ್ಲಿ ಗೊಬ್ಬರ ಹಾಕಿದಷ್ಟೇ ತೋರಿಸುತ್ತದೆ, ಆಮ್ಲ ಎರಡೇ ಹನಿ ಸಾಕು. ಹನಿ ಹೆಚ್ಚಾದರೆ ಪಿಎಚ್ ಒಮ್ಮೆಲೇ 4ಕ್ಕೆ ಜಾರುವುದರಿಂದ, ಹಿಡಿತಕ್ಕಾಗಿ ಐದನೇ ಒಂದು ಭಾಗ ಬೋರ್ ನೀರನ್ನು ಬೆರೆಸುತ್ತೇನೆ; ಅದರ ಮೇಲಿನ ದ್ವೇಷವೂ ಹೀಗೆ ತುಸು ತಗ್ಗಿತು. ಆ ಜುಲೈನಲ್ಲಿ ಬಂದಷ್ಟು ಪುದೀನವನ್ನು ನೆರೆಹೊರೆಯ ನಾಲ್ಕು ಮನೆಗಳಿಗೆ ಹಂಚಿದೆವು.

ಖರ್ಚಿನ ಮಾತು ಹೇಳುವುದಾದರೆ, ಗೊಬ್ಬರಕ್ಕೆ ನನಗೆ ತಿಂಗಳಿಗೆ ಸುಮಾರು 200 ರೂಪಾಯಿ ಬೀಳುತ್ತದೆ, 18 ವಾಟಿನ ಪಂಪು ಹಗಲೂ ರಾತ್ರಿ ಓಡಿದರೆ 13 ಯೂನಿಟ್. ಸೊಪ್ಪಿನ ಬೆಲೆಯಲ್ಲಿ ಇದನ್ನು ಹಿಂಪಡೆಯುವ ಲೆಕ್ಕವಿದ್ದವರು ಕೊಳ್ಳಬೇಡಿ. ಸಂತೆಯಲ್ಲಿ ದಂಟಿನ ಕಟ್ಟು ಇದಕ್ಕಿಂತ ಅಗ್ಗ. ಕೊಳ್ಳುವವರು ಮಾತ್ರ ನಲ್ಲಿ ತಳದಿಂದ ಎಷ್ಟು ಬೆರಳು ಮೇಲಿದೆ ಎಂದು ಮಾರುವವರನ್ನು ಕೇಳಿಯೇ ದುಡ್ಡು ಕೊಡಿ.

ಈ ವರ್ಷದ ಆರಂಭದಲ್ಲಿ ಪ್ಲಂಬರ್ ಒಬ್ಬರಿಂದ ತೊಟ್ಟಿಯ ತಳಕ್ಕೇ ರಂಧ್ರ ಕೊರೆಸಿ, ವಾಷರು ಹಾಕಿಸಿ, ಹೊಸ ನಲ್ಲಿ ಕೂರಿಸಿದೆ. 40 ಲೀಟರೂ ಕೊನೆಯ ಹನಿಯವರೆಗೆ ಇಳಿಯುತ್ತದೆ, ಮಣೆ ಅಡುಗೆಮನೆಗೆ ಹಿಂತಿರುಗಿದೆ. ಮೂರನೆಯ ಬಾರಿ ಬದಲಿಸುವಾಗ ನಲ್ಲಿ ತಿರುಗಿಸಿದರೆ ನೀರು ಬರಲಿಲ್ಲ; ಪುದೀನದ ಬೇರು ಗುಂಜು ಗುಂಜಾಗಿ ಬಾಯಿಗೆ ಅಡ್ಡ ಕೂತಿತ್ತು. ಕಂಪನಿಯವರಿಗೆ ಆ ಮಾತು ಬರೆದು ತಿಳಿಸುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿಲ್ಲ. ತೆಂಗಿನ ಪೊರಕೆಯ ಕಡ್ಡಿಯೊಂದನ್ನು ಸ್ಟ್ಯಾಂಡಿಗೆ ಕಟ್ಟಿಟ್ಟುಕೊಂಡಿದ್ದೇನೆ.